ದಿಬ್ಬದ ಗೋಡು ಮಣ್ಣೋ, ತಗ್ಗಿನ ಜೇಡಿಯೋ, ಗುಡ್ಡದ ಗೊರಚಲೋ: ಮೂರರಲ್ಲೂ ಬೆಳೆದು ನೋಡಿದ ಮೇಲೆ

ಒಂದೇ ಹೊಳೆಯ ಪಕ್ಕದಲ್ಲಿ ಮೂರು ಥರದ ನೆಲ ಸಿಗುತ್ತದೆ. ನೀರಿಗೆ ಅಂಟಿಕೊಂಡ ತಗ್ಗು ಬಯಲು ಒಂದು. ಅದಕ್ಕಿಂತ ಎರಡು ಮೂರು ಆಳೆತ್ತರದಲ್ಲಿ ಮಟ್ಟಸವಾಗಿ ಹರಡಿದ ದಿಬ್ಬ ಇನ್ನೊಂದು. ಅದರ ಬೆನ್ನಿಗೆ ಏರುವ ಗುಡ್ಡದ ಓರೆ ಮೂರನೆಯದು, ಅಲ್ಲಿರುವುದು ಕಲ್ಲುಚೂರು ಬೆರೆತ ಗೊರಚಲು. ಮೂರರಲ್ಲೂ ನಾನು ಬೇಸಾಯ ಮಾಡಿದ್ದೇನೆ. ಟೊಮೆಟೊ, ಕ್ಯಾರೆಟ್, ಮುಸುಕಿನ ಜೋಳ, ಪಪ್ಪಾಯಿ ಎಲ್ಲವನ್ನೂ ಒಂದೇ ಬೀಜ, ಒಂದೇ ಗೊಬ್ಬರದಲ್ಲಿ ಬೆಳೆದು ನೋಡಿದ್ದೇನೆ. ಒಂದನ್ನೇ ಆರಿಸು ಅಂದರೆ ದಿಬ್ಬವನ್ನೇ ಆರಿಸುತ್ತೇನೆ. ಸಾರದಲ್ಲಿ ತಗ್ಗಿನ ಮಣ್ಣು ಅದಕ್ಕಿಂತ ಜಾಸ್ತಿ, ಒಪ್ಪುತ್ತೇನೆ. ಆದರೆ ಉಳಲು, ಬಿತ್ತಲು ತಕ್ಕ ಹದ ಸಿಗುವ ವಿಷಯದಲ್ಲಿ ದಿಬ್ಬದ ಹತ್ತಿರ ಉಳಿದೆರಡೂ ಸುಳಿಯುವುದಿಲ್ಲ.

ದಿಬ್ಬ ಅಂದರೆ ಹೊಳೆಯ ಹಳೇ ಬಯಲು. ಒಂದು ಕಾಲಕ್ಕೆ ನೆರೆ ಬಂದಾಗಲೆಲ್ಲ ಅಲ್ಲಿ ಮೆಕ್ಕಲು ಬಿದ್ದಿದೆ. ಆಮೇಲೆ ಹೊಳೆ ತನ್ನ ಪಾತ್ರವನ್ನೇ ಕೊರೆದುಕೊಂಡು ಕೆಳಗಿಳಿಯಿತು, ಬಯಲು ಮೇಲೇ ಉಳಿಯಿತು. ಹಾಗಾಗಿ ಅಗೆದರೆ ಸಾಮಾನ್ಯವಾಗಿ ಮೇಲೆ ನಯವಾದ ಗೋಡು ಮಣ್ಣು (ಮರಳು, ಮೆಕ್ಕಲು, ಜೇಡಿ ಬೆರೆತದ್ದು), ಕೆಳಗೆ ಮರಳು, ಅದರಡಿ ಉರುಟು ಜಲ್ಲಿ ಸಿಗುತ್ತದೆ. ಹೊಳೆಯ ಉರುಟು ಕಲ್ಲು ಅಷ್ಟು ಎತ್ತರದಲ್ಲಿ ಸಿಕ್ಕರೆ ಅದು ಹಳೇ ದಂಡೆಯೇ, ಅನುಮಾನ ಬೇಡ.

ಮೂರೂ ಕಡೆ ಮೀಟರ್ ಆಳದ ಗುಂಡಿ ತೋಡಿಸಿದ್ದೆ. ದಿಬ್ಬದ ಗುಂಡಿಯಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಥರದ ಕಂದು ಬಣ್ಣ. ಗೋಡೆಯಲ್ಲಿ ಎರೆಹುಳದ ತೂತುಗಳು, ಕೆಳತನಕ ಇಳಿದ ಬೇರುಗಳು. ತಗ್ಗಿನ ಗುಂಡಿಯಲ್ಲಿ ಮೊಣಕೈ ಆಳಕ್ಕೇ ಬಣ್ಣ ಬದಲಾಯಿತು. ಬೂದು ಮಣ್ಣು, ನಡುನಡುವೆ ತುಕ್ಕಿನ ಚುಕ್ಕೆ. ಸತ್ತ ಬೇರಿನ ದಾರಿಗುಂಟ ಕಿತ್ತಳೆ ಬಣ್ಣದ ಸಣ್ಣ ಕೊಳವೆಗಳು. ನೀರು ನಿಂತು ಗಾಳಿ ಆಡದಿದ್ದಾಗ ಮಣ್ಣಿನ ಕಬ್ಬಿಣ ಕರಗಿ ಜಾಗ ಬಿಡುತ್ತದೆ, ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಬೇರಿನ ತೂತಿನಲ್ಲಿ ಗಾಳಿ ನುಸುಳಿದ ಕಡೆ ಅದೇ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತದೆ. ನೆಲ ಬೇಸಿಗೆಯಲ್ಲಿ ಎಷ್ಟೇ ಒಣಗಿ ಕಂಡರೂ ಈ ಚುಕ್ಕೆಗಳು ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿ ನಿಲ್ಲುತ್ತದೆ ಅನ್ನುವುದು ಅಲ್ಲೇ ಬರೆದಿರುತ್ತದೆ. ಗುಡ್ಡದ ಗುಂಡಿಯ ಕಥೆ ಚಿಕ್ಕದು. ಮಂಡಿಯುದ್ದ ಇಳಿಯುವಷ್ಟರಲ್ಲಿ ಗುದ್ದಲಿಗೆ ಬಂಡೆ ಸಿಕ್ಕಿತು.

ನೀರು ಬಸಿಯುವುದನ್ನು ಅಳೆಯಲು ದೊಡ್ಡ ಸಲಕರಣೆ ಬೇಡ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಈಗ ಒಂದು ಕಡ್ಡಿ ನೆಟ್ಟು ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಮೊದಲ ಸಲದ ಲೆಕ್ಕ ನಂಬಬೇಡಿ, ಒಣಮಣ್ಣು ಸುಮ್ನೆ ಕುಡಿದುಬಿಡುತ್ತದೆ. ಗಂಟೆಗೆ ಎರಡೂವರೆಯಿಂದ ಏಳೂವರೆ ಸೆಂಟಿಮೀಟರ್ ಇಳಿದರೆ ಹೆಚ್ಚಿನ ಬೆಳೆಗಳಿಗೆ ಸಾಕು. ನನ್ನ ದಿಬ್ಬ ಐದರ ಆಸುಪಾಸಿನಲ್ಲಿ ನಿಂತಿತು. ತಗ್ಗಿನಲ್ಲಿ ಒಂದು ಬೆರಳಿನ ದಪ್ಪವೂ ಇಳಿಯಲಿಲ್ಲ. ಗುಡ್ಡದ ಗೊರಚಲಿನಲ್ಲಿ ಗಂಟೆ ಆಗುವ ಮೊದಲೇ ಗುಂಡಿ ಖಾಲಿ.

ಇಲ್ಲೊಂದು ವಿಚಿತ್ರ ಇದೆ. ಅಡಿಯಲ್ಲಿ ಜಲ್ಲಿ ಇದ್ದರೆ ನೀರು ತಕ್ಷಣ ಸೋರಿಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ನಿಜಕ್ಕೂ ಮೇಲಿನ ನಯ ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಅದು ಹೆಚ್ಚುಕಡಿಮೆ ಪೂರ್ತಿ ನೆನೆಯುವವರೆಗೆ ಜಲ್ಲಿಯ ದೊಡ್ಡ ಸಂದಿಗೆ ನೀರು ಇಳಿಯುವುದಿಲ್ಲ. ತುಂಬಿ ಹೆಚ್ಚಾದದ್ದು ಮಾತ್ರ ಜಾರುತ್ತದೆ. ಹೀಗಾಗಿ ಮೇಲೆ ಮುಕ್ಕಾಲು ಮೀಟರ್ ಗೋಡು ಮಣ್ಣಿರುವ ದಿಬ್ಬ ಬೇಸಿಗೆಯಲ್ಲೂ ತಕ್ಕಮಟ್ಟಿಗೆ ತಡೆಯುತ್ತದೆ. ಅಂಗೈ ಅಗಲದಷ್ಟೇ ಮಣ್ಣಿದ್ದು ಕೆಳಗೆಲ್ಲ ಜಲ್ಲಿ ಇರುವ ದಿಬ್ಬವೂ ಉಂಟು, ಅದರ ಗೋಳು ಗುಡ್ಡದ್ದೇ ಗೋಳು.

ಇನ್ನು ಹದ. ಜೋರು ಮಳೆ ಬಿದ್ದು ನಿಂತ ಮೇಲೆ ದಿಬ್ಬದಲ್ಲಿ ಮರುದಿನವೋ ಅದರ ಮರುದಿನವೋ ಕುಂಟೆ ಹೊಡೆಯಬಹುದು. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಹೆಬ್ಬೆರಳಿನಲ್ಲಿ ಒತ್ತಿದರೆ ಪುಡಿಪುಡಿಯಾಗಿ ಬಿಡುತ್ತದೆ. ಅದೇ ತಗ್ಗಿನ ಮಣ್ಣನ್ನು ಒತ್ತಿದರೆ ಉಂಡೆ ಚಪ್ಪಟೆಯಾಗುತ್ತದೆ, ಒಡೆಯುವುದಿಲ್ಲ. ಬೆರಳ ನಡುವೆ ತಿಕ್ಕಿ ಪಟ್ಟಿ ಎಳೆದರೆ ಐದು ಸೆಂಟಿಮೀಟರ್ ದಾಟಿಯೂ ತುಂಡಾಗುವುದಿಲ್ಲ. ಗೋಡು ಮಣ್ಣಿನ ಪಟ್ಟಿ ಎರಡೂವರೆ ತಲುಪುವ ಮೊದಲೇ ಮುರಿದು ಬೀಳುತ್ತದೆ. ಜೇಡಿಗೆ ಹದ ಬರಲು ವಾರ ಬೇಕು. ಬಂದದ್ದು ಉಳಿಯುವುದು ಸ್ವಲ್ಪ ಹೊತ್ತು. ಹಸಿಯಲ್ಲಿ ಉತ್ತರೆ ನೇಗಿಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಉತ್ತರೆ ತಲೆಗಾತ್ರದ ಹೆಂಟೆ ಏಳುತ್ತದೆ. ನಡುವೆ ಇನ್ನೊಂದು ಮಳೆ ಬಂತೋ, ಬಿತ್ತನೆ ಮುಂದಕ್ಕೆ. ದಿಬ್ಬದಲ್ಲಿ ಮುಸುಕಿನ ಜೋಳ ಮೊಣಕಾಲೆತ್ತರ ಬಂದಿದ್ದಾಗ ತಗ್ಗಿನಲ್ಲಿ ನಾನಿನ್ನೂ ಹದಕ್ಕೆ ಕಾಯುತ್ತಿದ್ದ ವರ್ಷಗಳಿವೆ.

ಬೆಳೆಗಳ ಲೆಕ್ಕದಲ್ಲಿ ಕ್ಯಾರೆಟ್ ಎಲ್ಲವನ್ನೂ ಬಯಲು ಮಾಡಿತು. ದಿಬ್ಬದ್ದು ನೆಟ್ಟಗೆ, ಉದ್ದಕ್ಕೆ, ಒಂದು ಸಲ ನೀರಿಗೆ ಹಿಡಿದರೆ ಮಣ್ಣೆಲ್ಲ ಜಾರಿಹೋಗುತ್ತದೆ. ತಗ್ಗಿನದು ಗಿಡ್ಡ, ಬುಡದಲ್ಲಿ ಕವಲು, ಸಂದಿಯಲ್ಲೆಲ್ಲ ಜೇಡಿ. ಗುಡ್ಡದ್ದು ಕಲ್ಲಿಗೆ ತಾಗಿ ಸೊಟ್ಟ. ಆಲೂಗಡ್ಡೆ, ಶೇಂಗಾ, ಈರುಳ್ಳಿ, ಹೀಗೆ ನೆಲದೊಳಗೆ ಬೆಳೆದು ಕೀಳಬೇಕಾದ ಯಾವುದಕ್ಕೂ ದಿಬ್ಬವೇ ಸರಿ. ಪಪ್ಪಾಯಿಯಂತೂ ತಗ್ಗಿನಲ್ಲಿ ಇಡಲೇಬಾರದು. ಬೇರಿನ ಸುತ್ತ ಎರಡು ದಿನ ನೀರು ನಿಂತರೆ ಸಾಕು, ಎಲೆ ಹಳದಿಯಾಗಿ ಗಿಡ ಹೋಗುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಬುಡ ಕೊಳೆಸುವ ರೋಗಗಳಿಗೆ ನಿಂತ ನೀರೇ ದಾರಿ. ಟೊಮೆಟೊ ತಗ್ಗಿನಲ್ಲಿ ಬೆಳೆಯಿತು, ಏರುಮಡಿ ಮಾಡಿದ್ದಕ್ಕೆ. ಮಡಿ ಏರಿಸುವ ಕೂಲಿ ಸೇರಿಸಿದರೆ ಆ ಇಳುವರಿಯಲ್ಲಿ ಖುಷಿಪಡುವಂಥದ್ದೇನೂ ಇರಲಿಲ್ಲ.

ಭತ್ತದಲ್ಲಿ ಮಾತ್ರ ಎಲ್ಲ ತಲೆಕೆಳಗು. ದಿಬ್ಬದಲ್ಲಿ ನೀರು ನಿಲ್ಲಿಸಲು ಹೋಗುವುದು ಜರಡಿಯಲ್ಲಿ ನೀರು ಹೊತ್ತ ಹಾಗೆ. ತಗ್ಗಿನ ಜೇಡಿ ಒಮ್ಮೆ ಕೆಸರಾದರೆ ಗದ್ದೆ ತಾನಾಗಿ ನೀರು ಹಿಡಿದುಕೊಳ್ಳುತ್ತದೆ.

ಮಳೆ ಕೈಕೊಟ್ಟಾಗಲೂ ತಗ್ಗಿನದೇ ಮೇಲುಗೈ. ಒಂದು ಮೀಟರ್ ಆಳದ ಗೋಡು ಮಣ್ಣು ಗಿಡಕ್ಕೆ ಸಿಗುವಂತೆ 100ರಿಂದ 175 ಮಿಲಿಮೀಟರ್ ನೀರು ಹಿಡಿದಿಡುತ್ತದೆ. ಜೇಡಿಯಲ್ಲಿ ಅದು 175ರಿಂದ 250. ಮರಳಿನಲ್ಲಿ 25ರಿಂದ 100 ಅಷ್ಟೇ. ಆದ್ದರಿಂದ ದಿಬ್ಬಕ್ಕೆ ನೀರು ಸ್ವಲ್ಪಸ್ವಲ್ಪ, ಬೇಗಬೇಗ ಕೊಡಬೇಕು. ಒಂದೇ ಸಲ ಕೆರೆಯಂತೆ ತುಂಬಿಸಿದರೆ ಹೆಚ್ಚಾದದ್ದು ಜಲ್ಲಿಗೆ ಇಳಿಯುತ್ತದೆ, ಜೊತೆಗೆ ಯೂರಿಯಾದ ಸಾರವನ್ನೂ ಕರೆದೊಯ್ಯುತ್ತದೆ. ಹೋದದ್ದು ಎಲ್ಲಿಗೆ? ಅದೇ ದಿಬ್ಬದ ಬಾವಿಗೆ. ಜಲ್ಲಿಯ ಮೇಲಿನ ನೆಲದಲ್ಲಿ ಬಾವಿ ನೀರಿಗೆ ಯೂರಿಯಾದಿಂದ ಹುಟ್ಟುವ ನೈಟ್ರೇಟ್ ಸೇರುವ ಅಪಾಯ ನಿಜವಾದದ್ದು. ನಾನು ಯೂರಿಯಾವನ್ನು ಮೂರು ನಾಲ್ಕು ಕಂತಿನಲ್ಲಿ ಕೊಡುತ್ತೇನೆ, ತಗ್ಗಿನಲ್ಲಿ ಎರಡು ಕಂತು ಸಾಕಾಗುತ್ತದೆ. ತಗ್ಗಿಗೆ ನೆರೆ ಬಂದಾಗಲೆಲ್ಲ ಹೊಸ ಮೆಕ್ಕಲು ಪುಕ್ಕಟೆ. ದಿಬ್ಬಕ್ಕೆ ಆ ಭಾಗ್ಯ ನಿಂತುಹೋಗಿದೆ. ಅಲ್ಲಿ ಹಟ್ಟಿಗೊಬ್ಬರ ಹಾಕುತ್ತಲೇ ಇರಬೇಕು. ಮಳೆ ಜಾಸ್ತಿ ಇರುವ ಕಡೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣಿನ ಹುಳಿಯೂ ಏರುತ್ತದೆ, ಆಗಾಗ ಪರೀಕ್ಷೆ ಮಾಡಿಸಿ ಸುಣ್ಣ ಕೊಡಬೇಕಾಗುತ್ತದೆ.

ಗುಡ್ಡದ ಓರೆಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮಳೆ ಬಂದರೆ ಮೇಲ್ಮಣ್ಣು ಜಾರುತ್ತದೆ, ಬಿಸಿಲು ಬಂದರೆ ಬೆಳೆ ಬಾಡುತ್ತದೆ. ಗೋಡಂಬಿಯಂಥ ಗಟ್ಟಿ ಮರಕ್ಕೆ ಅದು ಪರವಾಗಿಲ್ಲ. ವರ್ಷವರ್ಷ ಉಳುವುದಕ್ಕೆ ಅಲ್ಲ.

ಮನೆ ಕಟ್ಟುವವರಿಗೂ ದಿಬ್ಬವೇ ಇಷ್ಟ. ಮಟ್ಟಸ ಜಾಗ, ಅಡಿಪಾಯಕ್ಕೆ ಗಟ್ಟಿ ಜಲ್ಲಿ, ಸಾಮಾನ್ಯ ನೆರೆ ಮುಟ್ಟದ ಎತ್ತರ. ಊದುವ ಜೇಡಿ ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಗೋಡೆ ಬಿರಿಯುತ್ತದೆ. ಆದರೆ ದಿಬ್ಬದಲ್ಲಿ ಶೌಚಗುಂಡಿಯನ್ನು ಬಾವಿಯ ಹತ್ತಿರ ಇಟ್ಟರೆ ಕೊಳಚೆ ಸೋಸಿಕೊಳ್ಳದೆ ಜಲ್ಲಿಯೊಳಗೆ ಓಡಿಬಿಡುತ್ತದೆ. ಹೊಳೆ ಕೊರೆಯುತ್ತಿರುವ ಅಂಚಿಗೂ ಅಂಟಿಕೊಂಡು ಕಟ್ಟಬೇಡಿ. ತೀರಾ ತಗ್ಗಿನ ದಿಬ್ಬಗಳಿಗೆ ಅಪರೂಪದ ದೊಡ್ಡ ನೆರೆ ಇವತ್ತಿಗೂ ಹತ್ತುತ್ತದೆ.

ದಿಬ್ಬ ಅಂದ ಮಾತ್ರಕ್ಕೆ ಎಲ್ಲವೂ ಚೆನ್ನಾಗಿ ಬಸಿಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದರ ಮೇಲೊಂದು ದಿಬ್ಬಗಳಿದ್ದರೆ ಮೇಲಿನದೇ ಹಳೆಯದು. ಹಳೆಯದರಲ್ಲಿ ಜೇಡಿಕಣಗಳು ಮಳೆಯೊಡನೆ ಕೆಳಗಿಳಿದು ಬಿಗಿಯಾದ ಪದರ ಕಟ್ಟಿರಬಹುದು, ಅದರ ಮೇಲೆ ನೀರು ನಿಲ್ಲುತ್ತದೆ. ಒಂದೇ ದಿಬ್ಬದಲ್ಲೂ ಹೊಳೆಯ ಕಡೆಯ ಅಂಚು ಬೇಗ ಒಣಗುತ್ತದೆ, ಗುಡ್ಡದ ಬುಡಕ್ಕೆ ತಾಗಿದ ಹಿಂಬದಿಗೆ ಜಿನುಗು ನೀರು ಬಂದು ಸೇರುತ್ತದೆ. ನಡುವೆ ಹಳೇ ತೊರೆಯ ತಗ್ಗು ಇದ್ದರೆ ಅಲ್ಲೂ ಜೇಡಿ ತುಂಬಿರುತ್ತದೆ. ಜಮೀನು ನೋಡಲು ಹೋದಾಗ ಮಾರುವವರು ತೋರಿಸುವುದು ಹೆಚ್ಚಾಗಿ ನಡುಭಾಗವನ್ನೇ. ಮುಂದಿನ ಅಂಚು, ನಡು, ಗುಡ್ಡದ ಬುಡ, ಮೂರು ಕಡೆಯೂ ಮೀಟರ್ ಆಳ ಅಗೆಸಿ. ಗುಡ್ಡದ ಬುಡದ ಗುಂಡಿಯಲ್ಲಿ ಬೂದು ಮಣ್ಣು ಕಂಡರೆ ಅಷ್ಟು ಜಾಗವನ್ನು ತಗ್ಗಿನ ಲೆಕ್ಕಕ್ಕೇ ಹಾಕಿ ಬೆಲೆ ಮಾತಾಡಿ.