ಕುದುರೆ ಜೀನು ಕೊಳ್ಳುವ ಮುಂಚೆ ಆ ಹಿತ್ತಾಳೆ ಬಿಲ್ಲೆ ಕೆಳಗೆ ಏನಿದೆ ನೋಡಿ

ಒಂದು ಕುದುರೆ ಜೀನಿಗೆ ನಾನು ಕೊಟ್ಟಿದ್ದು 52,000 ರೂಪಾಯಿ. ಅದೇ ಜೀನು, ಬೇರೆ ಹೆಸರು ಹೊತ್ತುಕೊಂಡು, ಚಿತ್ರದುರ್ಗದ ಗೆಳೆಯನ ಮನೆಗೆ 19,500ಕ್ಕೆ ಬಂದಿದೆ. ದುಡ್ಡು ಹೋದದ್ದು ಹೋಯಿತು. ನಮ್ಮ ಚಿನ್ನಿ ಬೆನ್ನು ಹುಣ್ಣಾಯಿತಲ್ಲ, ಹೊಟ್ಟೆ ಉರಿಯುವುದು ಅದಕ್ಕೆ.

ಚಿನ್ನಿ ನಮ್ಮ ಹೆಣ್ಣು ಕುದುರೆ. ಕಾಠಿಯಾವಾಡಿ ಮಿಶ್ರ ತಳಿ. ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹಾಗಿವೆ. ಹರಿಹರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುವವರ ಹತ್ತಿರ ತಗೊಂಡಿದ್ದು. ದಾವಣಗೆರೆ ಹೊರಗೆ ಬಾತಿ ಕಡೆ ನಮ್ಮ ತೆಂಗಿನ ತೋಟ ಇದೆ, ಅಲ್ಲೇ ಇರುತ್ತಾಳೆ. ಮಗಳು ಬೇಸಿಗೆ ರಜೆಗೆ ಬೆಂಗಳೂರಿಗೆ ದೊಡ್ಡಮ್ಮನ ಮನೆಗೆ ಹೋದವಳು ಸವಾರಿ ಕಲಿತು ಬಂದಳು. ಬಂದವಳೇ, "ಅಪ್ಪಾ, ಈ ಮದುವೆ ಜೀನಲ್ಲಿ ಆಗಲ್ಲ, ಇಂಗ್ಲಿಷ್ ಸ್ಯಾಡಲ್ ಬೇಕು" ಅಂತ ಶುರು ಮಾಡಿದಳು.

ನಾನು ಎಡವಿದ್ದು ಇಲ್ಲೇ. ಇಂಗ್ಲಿಷ್ ಸ್ಯಾಡಲ್ ಅಂದರೆ ಇಂಗ್ಲೆಂಡಿನಲ್ಲಿ ಮಾಡಿದ್ದು ಅಂದುಕೊಂಡೆ. ಅಲ್ಲವೇ ಅಲ್ಲ. ಅದು ಜೀನಿನ ಒಂದು ಬಗೆ, ಅಷ್ಟೆ. ಅಮೆರಿಕದಲ್ಲಿ ದನ ಕಾಯುವವರು ಹಾಕುವ, ಮುಂದೆ ಕೊಂಬಿನಂತೆ ಹಿಡಿ ಇರುವ ದೊಡ್ಡ ಜೀನು ವೆಸ್ಟರ್ನ್. ಹಿಡಿ ಇಲ್ಲದ, ಹಗುರವಾದದ್ದು ಇಂಗ್ಲಿಷ್. ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಹಾಕಿ ಬೆಂಗಳೂರಲ್ಲಿ ಹುಯ್ಯಲ್ವಾ, ಹಾಗೆ. ದೋಸೆಯಲ್ಲಾದರೆ ನಾವು ಒಂದು ತುತ್ತಿಗೇ ಕಂಡುಹಿಡಿಯುತ್ತೇವೆ. ಜೀನಿನಲ್ಲಿ ಪಿಗ್ಗಿ ಬಿದ್ದೆ.

ನೆಟ್ಟಿನಲ್ಲಿ ಸಿಕ್ಕಿದ ಮಾರಾಟಗಾರರು. ಹೆಸರು ಹೇಳುವುದಿಲ್ಲ. ಎರಡು ಸಿಂಹ, ನಡುವೆ ಕಿರೀಟ, ಕೆಳಗೆ ಯಾವುದೋ ಸಾಹೇಬರ ಬಂಗಲೆಯಂಥ ಹೆಸರು. ಅಂಥದೊಂದು ಹಿತ್ತಾಳೆ ಬಿಲ್ಲೆ ಜೀನಿನ ಪಕ್ಕದಲ್ಲಿ. ಫೋನಲ್ಲಿ ಸಿಕ್ಕ ಹುಡುಗ ಪಟಪಟ ಅಂತ ಹೇಳಿದ. "ಪೂರ್ತಿ ಇಂಗ್ಲಿಷ್ ಲೆದರ್ ಸರ್, ಬ್ರಿಟಿಷ್ ಡಿಸೈನ್, ಮೀಡಿಯಂ ಟ್ರೀ, ಎಲ್ಲ ಕುದುರೆಗೂ ಆಗುತ್ತೆ." ಈಗ ಆ ಮಾತು ಬಿಡಿಸಿ ನೋಡಿದರೆ ನಗು ಬರುತ್ತದೆ. ಚರ್ಮ ಅಲ್ಲಿಂದ ಬಂದಿರಬಹುದು, ನಕ್ಷೆ ಅಲ್ಲಿಯದಿರಬಹುದು. ಹೊಲಿದದ್ದು ಎಲ್ಲಿ ಅಂತ ಅವನು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ.

ಮೂರು ವಾರಕ್ಕೆ ಚಿನ್ನಿ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿ ಹಲ್ಲು ತೋರಿಸಲು ಶುರು ಮಾಡಿದಳು. ತುಂಟತನ ಅಂದುಕೊಂಡೆವು. ಒಂದು ದಿನ ಜೀನು ಇಳಿಸಿದರೆ ಬೆನ್ನೆಲ್ಲ ಬೆವರಿ ಒದ್ದೆ, ಹೆಗಲ ಉಬ್ಬಿನ ಹತ್ತಿರ ಎರಡು ಅಂಗೈ ಅಗಲ ಮಾತ್ರ ಒಣಗಿದ ಜಾಗ. ಉಬ್ಬಿನ ಮೇಲೆ ಕೂದಲು ಸವೆದು ಚರ್ಮ ಕೆಂಪಾಗಿತ್ತು. ಪಶುವೈದ್ಯರು ಬಂದು ಮುಟ್ಟಿದರೆ ಇಡೀ ಮೈ ಕುಗ್ಗಿಸಿದಳು. "ಜೀನು ತಂದು ಹಾಗೇ ಮೇಲಿಡಿ, ಬಿಗಿಯಬೇಡಿ" ಅಂದರು. ಜೀನಿನ ಮುಂಭಾಗಕ್ಕೂ ಕುದುರೆ ಹೆಗಲಿಗೂ ನಡುವೆ ಎರಡು ಮೂರು ಬೆರಳು ಆರಾಮಾಗಿ ಹೋಗಬೇಕಂತೆ, ಅದೂ ಸವಾರ ಕೂತಾಗ. ಇಲ್ಲಿ ಯಾರೂ ಕೂರದೆಯೇ ನನ್ನ ಕಿರುಬೆರಳೂ ಹೋಗಲಿಲ್ಲ. ಎರಡು ತಿಂಗಳು ಬೆನ್ನಿಗೆ ಏನೂ ಹಾಕಬೇಡಿ ಅಂತ ಹೇಳಿ ಮುಲಾಮು ಕೊಟ್ಟು ಹೋದರು. ಒಣಗಿದ ಜಾಗ ಅಂದರೆ ಅಲ್ಲಿ ಒತ್ತಡ ಬಿದ್ದು ಬೆವರೇ ಬಂದಿಲ್ಲ ಅಂತ. ಇದು ಮೊದಲೇ ಗೊತ್ತಿದ್ದರೆ ಎರಡನೇ ದಿನವೇ ನಿಲ್ಲಿಸುತ್ತಿದ್ದೆ.

ಟ್ರೀ ಅಂದರೆ ಜೀನಿನ ಒಳಗಿರುವ ಚೌಕಟ್ಟು. ಮರದ್ದಿರುತ್ತದೆ, ಇಲ್ಲವೇ ಫೈಬರ್, ಪ್ಲಾಸ್ಟಿಕ್. ಅದರ ಅಗಲ ಕುದುರೆ ಹೆಗಲಿಗೆ ಹೊಂದಬೇಕು. ಅಗಲ ಜಾಸ್ತಿ ಆದರೆ ಜೀನು ಹೆಗಲ ಮೇಲೆ ಕುಸಿಯುತ್ತದೆ, ಕಡಿಮೆ ಆದರೆ ಎರಡೂ ಪಕ್ಕ ಕಚ್ಚುತ್ತದೆ. ಮೇಲಿನ ಚರ್ಮ ಎಷ್ಟೇ ಮಿರಮಿರ ಮಿಂಚಲಿ, ಕುದುರೆಗೆ ತಾಗುವುದು ಒಳಗಿನ ಲೆಕ್ಕ. ಅದಕ್ಕೇ ಮಾರಾಟಗಾರರಿಗೆ ಫೋನ್ ಮಾಡಿ ಟ್ರೀ ಯಾವುದರದ್ದು, ಅಗಲ ಎಷ್ಟು ಅಂತ ಕೇಳಿದೆ. "ಮೀಡಿಯಂ ಸರ್." ಇಂಚಿನಲ್ಲಿ ಹೇಳಪ್ಪಾ. "ಸ್ಟ್ಯಾಂಡರ್ಡ್ ಮೀಡಿಯಂ ಸರ್." ಮಾಡಿದವರು ಯಾರು, ಅವರನ್ನೇ ಕೇಳ್ತೀನಿ. "ಅದು ಕಾನ್ಫಿಡೆನ್ಷಿಯಲ್ ಸರ್."

ಪ್ಯಾನಲ್, ಅಂದರೆ ಜೀನಿನ ಅಡಿಯಲ್ಲಿ ಕುದುರೆ ಬೆನ್ನಿಗೆ ತಾಗುವ ಮೆತ್ತೆ, ಅದರೊಳಗೆ ಉಣ್ಣೆ ಇದೆ, ತೆಗೆದು ತುಂಬಿಸಬಹುದು ಅಂತ ಯಾರೋ ಹೇಳಿದರು. ಹಳೇ ಊರಿನಲ್ಲಿ ಬ್ಯಾಗು ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಒಂದು ಕಡೆ ಹೊಲಿಗೆ ಬಿಚ್ಚಿ ಚಿಮಟದಲ್ಲಿ ಎಳೆದರು. ಬಂದದ್ದು ಉಣ್ಣೆಯಲ್ಲ, ದಿಂಬಿನೊಳಗಿರುವಂಥ ಬಿಳಿ ಸಿಂಥೆಟಿಕ್, ಅದೂ ಗಂಟುಗಂಟು. "ಸಾವ್ಕಾರ್ರೆ, ನಮ್ಮ ಚಳ್ಳಕೆರೆ ಕಡೆ ಕುರಿ ಉಣ್ಣೆ ಮೂಟೆಗಟ್ಲೆ ಸಿಗ್ತದೆ, ಇದ್ಯಾಕ್ರೀ ಇದು" ಅಂದರು. ಆಮೇಲೆ ಬಿಲ್ಲೆ ಮೇಲೆ ಕೈಯಾಡಿಸಿ, ಇದು ಯಾಕೋ ಸಮ ಕೂತಿಲ್ಲ ಅಂತ ಎರಡು ಚಿಕ್ಕ ಮೊಳೆ ಕಿತ್ತರು. ಬಿಲ್ಲೆ ಕೆಳಗೆ, ಚರ್ಮದಲ್ಲೇ, ಬಿಸಿ ಅಚ್ಚು ಒತ್ತಿದ ಇನ್ನೊಂದು ಹೆಸರು. ಪಕ್ಕದಲ್ಲಿ ಕಾನ್ಪುರ ಅಂತ. ಸಿಂಹ ಎರಡೂ ಆ ಹೆಸರಿನ ಮೇಲೇ ಕೂತಿದ್ದವು.

ಚಿತ್ರದುರ್ಗದ ಗೆಳೆಯನ ಜೀನು ನೆನಪಾಯಿತು. ಫೋಟೋ ಕಳಿಸು ಅಂದೆ. ಮೊಣಕಾಲು ಒರಗುವ ಕಡೆ ಮೂರು ಸಾಲು ಹೊಲಿಗೆ, ನಡುವಿನ ಸಾಲು ಕೊನೆಯಲ್ಲಿ ಒಂದಿಷ್ಟು ಕೆಳಕ್ಕೆ ಜಾರಿದೆ. ನನ್ನದರಲ್ಲೂ ಅದೇ ಜಾರು. ಅವನ ಬಿಲ್ಲಿನ ಜಿಎಸ್‌ಟಿ ನಂಬರ್ 09ರಿಂದ ಶುರು. ಆ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ನಮ್ಮ ಕರ್ನಾಟಕ 29, ಉತ್ತರ ಪ್ರದೇಶ 09. ಜಿಎಸ್‌ಟಿ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ನೋಂದಾಯಿತ ಹೆಸರು ಪುಕ್ಕಟೆ ತೋರಿಸುತ್ತದೆ. ಅಚ್ಚಿನಲ್ಲಿದ್ದ ಹೆಸರೇ ಬಂತು.

ಇನ್ನೊಂದು ಕಡೆಯೂ ಹುಡುಕಿದೆ. ಟ್ರೇಡ್‌ಮಾರ್ಕ್ ಇಲಾಖೆಯ ಸೈಟಿನಲ್ಲಿ ಹೆಸರು ಹಾಕಿ 18ನೇ ವರ್ಗದಲ್ಲಿ ನೋಡಬೇಕು, ಚರ್ಮದ ಸಾಮಾನು, ಜೀನು ಎಲ್ಲ ಅದರಲ್ಲೇ ಬರುತ್ತವೆ. ನಮ್ಮ ಸಾಹೇಬರ ಬಂಗಲೆಗೆ ಅರ್ಜಿ ಹಾಕಿದ್ದು 2021ರಲ್ಲಿ. ಹಾಕಿದವರು ಫೋನಲ್ಲಿ ಸಿಕ್ಕ ಹುಡುಗನ ಕಂಪನಿಯವರೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕಾನ್ಪುರ ಅಂದಾಕ್ಷಣ ಮೂಗು ಮುರಿಯಬೇಡಿ. ಬ್ರಿಟಿಷರ ಸೇನೆಗೆ 1860ರ ದಶಕದಿಂದಲೇ ಅಲ್ಲಿ ಜೀನಿನ ಕಾರ್ಖಾನೆ ಇತ್ತು. ಕಾನ್ಪುರದ ಜೀನಿಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನ ವಿಶೇಷ ಅನ್ನುವ ಸರ್ಕಾರಿ ಗುರುತು, ಕೂಡ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಇರುವ ಹಾಗೆ. ಇಂಗ್ಲೆಂಡಿನಲ್ಲಿ ಈ ಕಸುಬಿನ ಊರು ವಾಲ್ಸಾಲ್, ಅಲ್ಲಿನ ಫುಟ್‌ಬಾಲ್ ತಂಡವನ್ನೇ ಸ್ಯಾಡ್ಲರ್ಸ್ ಅಂತ ಕರೆಯುತ್ತಾರೆ. ನಮ್ಮಲ್ಲೂ ಜೀನಗಾರರು ಅಂತ ಇದ್ದರಲ್ಲ. ಒಂದು ಕಾರ್ಖಾನೆ ಹತ್ತು ಹೆಸರಿಗೆ ಹೊಲಿದು ಕೊಡುವುದೂ ತಪ್ಪಲ್ಲ, ಬಿಸ್ಕತ್ತು, ಚಹಾಪುಡಿ ಎಲ್ಲದರಲ್ಲೂ ನಡೆಯುತ್ತದೆ. ನನ್ನ ತಕರಾರು ಮುಚ್ಚಿಟ್ಟದ್ದರ ಬಗ್ಗೆ.

ಯಾಕೆ ಅಂದರೆ, ಕಾನ್ಪುರಕ್ಕೆ ಫೋನ್ ಮಾಡಿದೆ. ಎತ್ತಿದವರು ವಯಸ್ಸಾದವರು, ನನ್ನ ಹರುಕು ಮುರುಕು ಹಿಂದಿಗೆ ಬೇಸರ ಮಾಡಿಕೊಳ್ಳಲಿಲ್ಲ. ಪಕ್ಕದ ಚರ್ಮ ಎತ್ತಿದರೆ ಒಳಗೆ ನಂಬರ್ ಒತ್ತಿರುತ್ತೆ, ಅದನ್ನು ಓದಿ ಅಂದರು. ಓದಿದೆ. ಪುಸ್ತಕ ತಿರುವಿದ ಸದ್ದು ಕೇಳಿಸಿತು. ಒಂದೇ ನಿಮಿಷ. "ಇದು ವೈಡ್ ಟ್ರೀ, ಫೈಬರ್. ನಿಮ್ಮ ಕುದುರೆ ಯಾವುದು? ಕಾಠಿಯಾವಾಡಿ? ಅಯ್ಯೋ ಭಾಯಿಸಾಬ್, ಅದಕ್ಕೆ ನ್ಯಾರೋ ಬೇಕು." ಎರಡು ತಿಂಗಳಿಂದ ಮೀಡಿಯಂ ಮೀಡಿಯಂ ಅಂತ ಕೇಳಿದ್ದೆನಲ್ಲ, ಅದು ಮೀಡಿಯಮ್ಮೂ ಆಗಿರಲಿಲ್ಲ. ಕೊನೆಗೆ ಅವರೇ ನಗುತ್ತಾ, "ಇಪ್ಪತ್ತು ಪೀಸ್ ಆರ್ಡರ್ ಕೊಡಿ, ನಿಮ್ಮ ಹೆಸರೇ ಒತ್ತಿ ಕೊಡ್ತೀವಿ" ಅಂದರು. ನಾನೂ ನಕ್ಕೆ, ಮನಸ್ಸಿಲ್ಲದೆ.

ಹಾಗಾಗಿ ತಗೊಳ್ಳುವವರು ದಯವಿಟ್ಟು ಆ ನಂಬರಿನ ಫೋಟೋ ಮೊದಲೇ ತರಿಸಿಕೊಳ್ಳಿ. ಟ್ರೀ ಅಗಲ ಇಂಚಿನಲ್ಲೋ ಸೆಂಟಿಮೀಟರಿನಲ್ಲೋ ಬರೆದು ಕೊಡಲಿ, ಬಾಯಿಮಾತು ಬೇಡ. ಡಬ್ಬದ ಮೇಲೆ ತಯಾರಿಸಿದವರ ಹೆಸರು, ವಿಳಾಸ ಇರಬೇಕು ಅಂತ ಪ್ಯಾಕ್ ಮಾಡಿದ ಸಾಮಾನಿನ 2011ರ ನಿಯಮ ಹೇಳುತ್ತದೆ. ನನ್ನ ಡಬ್ಬದ ಮೇಲೆ "ಮಾರ್ಕೆಟೆಡ್ ಬೈ" ಒಂದೇ ಇತ್ತು, ಕಣ್ಣೆದುರೇ ಇತ್ತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ನನ್ನ ಕಥೆ. ದುರ್ಗದ ಗೆಳೆಯ ಇದನ್ನು ಹೇಳಿ ಹೇಳಿ ನಗುತ್ತಾನೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಆಮೇಲೆ ಮಾರಾಟಗಾರರಿಗೆ ಬಾಯಿ ಬಂತು. "ನಾವು ಎಲ್ಲೂ ಮೇಡ್ ಇನ್ ಇಂಗ್ಲೆಂಡ್ ಅಂದಿಲ್ಲ" ಅಂತ. ಅದು ನಿಜ, ಅಂದಿಲ್ಲ. 15,000 ವಾಪಸ್ ಕೊಡುತ್ತೇವೆ, ಇನ್ನು ತಕರಾರಿಲ್ಲ ಅಂತ ಸಹಿ ಹಾಕಿ ಅಂದರು. ಹಾಕಲಿಲ್ಲ. ನಮ್ಮ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸು ಹಾಕುವುದು ಅಂತ ತೀರ್ಮಾನ. ಐದು ಲಕ್ಷದೊಳಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ಬಿಲ್ಲೆ, ಎರಡು ಮೊಳೆ, ಆ ಗಂಟುಗಂಟು ಸಿಂಥೆಟಿಕ್, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ಸೋಮವಾರ ವಕೀಲರ ಹತ್ತಿರ ಹೋಗಬೇಕು.