ಊರಿನ ಕೋಳಿಯ ಸ್ಟ್ಯೂ ಮತ್ತು ಸ್ಲೋ ಕುಕರ್

ಮಂಗಳೂರಿನ ನಮ್ಮ ಮನೆಯಲ್ಲಿ ಮೂರೂವರೆ ಲೀಟರಿನ ಸ್ಲೋ ಕುಕರನ್ನು (ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಯನ್ನು) ಬಳಸುವುದು ಹೆಚ್ಚಾಗಿ ಕೋಳಿ ಸ್ಟ್ಯೂ ಮಾಡುವುದಕ್ಕೇ. ಊರಿನ ಕೋಳಿ ತರುವವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಬ್ರಾಯ್ಲರನ್ನೇ ನೆಚ್ಚಿಕೊಂಡವರಿಗೆ ಇದರ ಅಗತ್ಯವಿಲ್ಲ.

ಅಂಗಳದಲ್ಲಿ ಕೆದಕುತ್ತಾ ಬಲಿತ ಹೇಂಟೆಯ ಮಾಂಸದಲ್ಲಿ ಕೊಲಾಜನ್ ಎಂಬ ಗಟ್ಟಿ ಅಂಶ ಹೆಚ್ಚು. ಪ್ರೆಶರ್ ಕುಕರಿನಲ್ಲಿ ಒಂದು ಸೀಟಿ ಕಡಿಮೆಯಾದರೆ ಅದನ್ನು ಜಗಿಯಲಾಗದು, ಒಂದು ಹೆಚ್ಚಾದರೆ ಮಾಂಸ ಎಲುಬು ಬಿಟ್ಟು ಚೂರಾಗುತ್ತದೆ. ಸ್ಲೋ ಕುಕರನ್ನು 'ಲೋ'ಗೆ ಇಟ್ಟು ಏಳೆಂಟು ಗಂಟೆ ಬಿಟ್ಟರೆ, ಕುದಿತಕ್ಕೆ ತುಸು ಕೆಳಗಿನ ಶಾಖದಲ್ಲಿ ಕೊಲಾಜನ್ ಕರಗಿ ಜೆಲಟಿನ್ ಎಂಬ ಅಂಟಾಗಿ ರಸಕ್ಕಿಳಿಯುತ್ತದೆ. ಕಾರ್ನ್‌ಫ್ಲೋರ್ ಹಾಕದೆಯೇ ರಸ ತುಟಿಗಂಟುವಷ್ಟು ಮಂದವಾಗುತ್ತದೆ. ಬ್ರಾಯ್ಲರಿನ ಎದೆಮಾಂಸವಾದರೋ ಅಷ್ಟು ಹೊತ್ತಿನಲ್ಲಿ ಬರಿಯ ನಾರಾಗಿರುತ್ತದೆ.

ಕ್ಯಾರೆಟ್ ಮತ್ತು ಬಟಾಟೆ ಇದರಲ್ಲಿ ಮಾಂಸಕ್ಕಿಂತ ನಿಧಾನವಾಗಿ ಬೇಯುವುದರಿಂದ ಅವು ತಳದಲ್ಲಿರಬೇಕು. ನೀರುಳ್ಳಿ, ಶುಂಠಿ, ಚಕ್ಕೆ, ಲವಂಗ ಮತ್ತು ಜಜ್ಜಿದ ಒಳ್ಳೆಮೆಣಸನ್ನು ತೆಂಗಿನೆಣ್ಣೆಯಲ್ಲಿ ಬೇರೆಯೇ ಬಾಡಿಸಿ ಹಾಕುವುದು ಲೇಸು, ಏಕೆಂದರೆ ಈ ಪಾತ್ರೆಗೆ ಹುರಿಯುವ ಶಕ್ತಿಯಿಲ್ಲ. ಆವಿ ಅಷ್ಟಾಗಿ ಹೊರಹೋಗದ ಕಾರಣ ಒಲೆಯ ಲೆಕ್ಕದಲ್ಲಿ ನೀರೆರೆದರೆ ಸ್ಟ್ಯೂ ಸಾರಾಗುತ್ತದೆ. ದಪ್ಪ ಕಾಯಿಹಾಲನ್ನು ಕೊನೆಯ ಕಾಲು ಗಂಟೆಯಲ್ಲಷ್ಟೇ ಸೇರಿಸಬೇಕು. ಮೊದಲೇ ಸೇರಿಸಿದರೆ ಅದು ಒಡೆದು ಮೇಲೆ ಎಣ್ಣೆ ತೇಲುತ್ತದೆ. ಪರಿಮಳಕ್ಕೆ ಮರುಳಾಗಿ ಮುಚ್ಚಳ ತೆರೆದವರು ಪ್ರತಿ ಸಲಕ್ಕೂ ಸುಮಾರು ಇಪ್ಪತ್ತು ನಿಮಿಷ ಹೆಚ್ಚು ಕಾಯಬೇಕಾಗಬಹುದು. ಹೀಗೆ ಮಾಡಿದ ಸ್ಟ್ಯೂಗೆ ಸನ್ನಣ (ಅಕ್ಕಿಹಿಟ್ಟು ಹುದುಗಿಸಿ ಹಬೆಯಲ್ಲಿ ಬೇಯಿಸಿದ, ಇಡ್ಲಿಯಂಥ ತಿಂಡಿ) ಸರಿಯಾದ ಜೊತೆ. ಬ್ರೆಡ್ ಸಾಕೆನ್ನುವವರೊಂದಿಗೆ ನನಗೆ ವಾದವಿಲ್ಲ.

ನನ್ನ ನಿಜವಾದ ತಕರಾರು ಇದರ ಡಿಜಿಟಲ್ ಗುಂಡಿಗಳ ಬಗ್ಗೆ. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳಿನ) ಮಳೆಗೆ ಕರೆಂಟು ಹೋಗಿ ಬಂದರೆ ಈ ಮಾದರಿ ತಾನಾಗಿ ಮತ್ತೆ ಶುರುವಾಗುವುದಿಲ್ಲ. ಬೆಳಿಗ್ಗೆ ಇಟ್ಟು ಕೆಲಸಕ್ಕೆ ಹೋದವರು ಸಂಜೆ ಬಂದಾಗ ಕೋಳಿ ಎಷ್ಟು ಹೊತ್ತು ಉಗುರುಬೆಚ್ಚಗೆ ಕುಳಿತಿತ್ತೆಂದು ತಿಳಿಯುವ ದಾರಿಯೇ ಇಲ್ಲ, ಮತ್ತು 60 ಡಿಗ್ರಿಗಿಂತ ಕೆಳಗೆ ಎರಡು ಗಂಟೆಗೂ ಹೆಚ್ಚು ಕಾಲ ಇದ್ದ ಮಾಂಸವನ್ನು ಚೆಲ್ಲುವುದೇ ಸುರಕ್ಷಿತ. ತಿರುಗಿಸುವ ನಾಬ್ ಇರುವ ಸಾದಾ ಮಾದರಿ ಕರೆಂಟು ಬಂದೊಡನೆ ಕೆಲಸ ಮುಂದುವರಿಸುವುದರಿಂದ, ಕರಾವಳಿಯವರು ಅದನ್ನೇ ಕೊಳ್ಳುವುದು ಒಳ್ಳೆಯದು. ಅದನ್ನು ಕೊಂಡರೂ ಮಳೆಗಾಲದ ಅಡುಗೆಯನ್ನು ಯಾರಾದರೂ ಮನೆಯಲ್ಲಿರುವ ದಿನಕ್ಕೆ ಇಟ್ಟುಕೊಳ್ಳಬೇಕು. ಪಿಂಗಾಣಿಯ ಒಳಪಾತ್ರೆ ಸಿಂಕಿನಲ್ಲಿ ಎತ್ತಿ ತೊಳೆಯಲು ಭಾರ, ಫ್ರಿಜ್ಜಿನಿಂದ ತೆಗೆದು ನೇರವಾಗಿ ಬಿಸಿಗಿಟ್ಟರೆ ಬಿರುಕು ಬಿಡಬಹುದು. ಇದು ಎಳೆಯುವುದು ಸುಮಾರು 200 ವ್ಯಾಟ್ ಆದ್ದರಿಂದ ಏಳೆಂಟು ಗಂಟೆ ಉರಿದರೂ ಒಂದೂವರೆ ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತದೆ.