ರಷ್ಯನ್ ಸಬ್‌ಟೈಟಲ್ಲೋ, ರಷ್ಯನ್ ಡಬ್ಬಿಂಗೋ: ಒಂದು ವರ್ಷ ನೋಡಿದ ಮೇಲೆ

ಸಿನಿಮಾ ನೋಡುತ್ತಾ ರಷ್ಯನ್ ಭಾಷೆಗೆ ಕಿವಿ ಪಳಗಿಸಿಕೊಳ್ಳಬೇಕೆನ್ನುವವರು ರಷ್ಯಾದ ಚಿತ್ರನಿರ್ಮಾಣ ಸಂಸ್ಥೆ ಮೊಸ್‌ಫಿಲ್ಮ್ ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಉಚಿತವಾಗಿ ಇಟ್ಟಿರುವ ಸೋವಿಯತ್ ಕಾಲದ ಚಿತ್ರಗಳನ್ನು ರಷ್ಯನ್ ಸಬ್‌ಟೈಟಲ್ ಹಾಕಿಕೊಂಡು ನೋಡುವುದೇ ಒಳ್ಳೆಯದು. ಇದು ನನಗೆ ತಿಳಿಯುವ ಹೊತ್ತಿಗೆ ಒಂದು ಸ್ಟ್ರೀಮಿಂಗ್ ಸೇವೆಗೆ ವರ್ಷದ ಚಂದಾ ಕಟ್ಟಿಯಾಗಿತ್ತು, ರಷ್ಯಾದಿಂದ ತರಿಸಿದ ನಾಲ್ಕು ಡಿವಿಡಿಗಳೂ ಮನೆ ಸೇರಿದ್ದವು. ರಷ್ಯಾದ ಕಜಾನ್‌ ನಗರದಲ್ಲಿ ವೈದ್ಯಕೀಯ ಓದುತ್ತಿರುವ ತಂಗಿಯ ಮಗ ರಜೆಗೆ ಬಂದಾಗ ಗೆಳೆಯರೊಡನೆ ಫೋನಿನಲ್ಲಿ ಆಡುತ್ತಿದ್ದ ಮಾತು ಕೇಳಿ ಕಲಿಯುವ ಆಸೆ ಹುಟ್ಟಿತು; ಲಿಪಿ ಎರಡು ವಾರದಲ್ಲಿ ಬಂತು, ಕಿವಿ ಮಾತ್ರ ಸಹಕರಿಸಲಿಲ್ಲ.

ಕನ್ನಡದವರಿಗೆ ಇಲ್ಲಿ ಒಂದು ವಿಶೇಷವಾದ ಕಷ್ಟವಿದೆ. ನಾವು ಬರೆದಂತೆ ಓದಿ ಬೆಳೆದವರು. ರಷ್ಯನ್ನಿನಲ್ಲಿ ಹಾಲಿಗೆ ‘ಮೊಲೊಕೊ’ ಎಂದು ಬರೆದು ‘ಮಲಕೋ’ ಎನ್ನುತ್ತಾರೆ, ‘ಅವನನ್ನು’ ಎಂಬುದಕ್ಕೆ ‘ಯೆಗೊ’ ಎಂದು ಬರೆದು ‘ಯಿವೋ’ ಎನ್ನುತ್ತಾರೆ, ‘ಈಗ’ ಎಂಬರ್ಥದ ‘ಸೆಯ್‌ಚಾಸ್’ ದಿನಬಳಕೆಯ ಮಾತಿನಲ್ಲಿ ‘ಶ್ಯಾಸ್’ ಆಗಿಬಿಡುತ್ತದೆ. ಕಣ್ಣಿಗೆ ಕಾಣುವ ಅಕ್ಷರವೂ ಕಿವಿಗೆ ಬೀಳುವ ಧ್ವನಿಯೂ ಒಂದೇ ಕ್ಷಣದಲ್ಲಿ ಜೊತೆಯಾಗಿ ಬಂದರೆ ಮಾತ್ರ ಈ ಅಂತರ ಮನಸ್ಸಿಗೆ ಹತ್ತುತ್ತದೆ. ಆದ್ದರಿಂದ ನನಗೆ ಬೇಕಾಗಿದ್ದದ್ದು ರಷ್ಯನ್ ಧ್ವನಿ ಮತ್ತು ಅದೇ ಮಾತಿನ ರಷ್ಯನ್ ಬರಹ, ಎರಡೂ ಒಟ್ಟಿಗೆ.

ಚಂದಾ ಕಟ್ಟಿದ ಸೇವೆಯಲ್ಲಿ ಎರಡೂ ಇದ್ದವು. ಪ್ರೊಫೈಲ್‌ನ ಭಾಷೆಯನ್ನೇ ರಷ್ಯನ್ನಿಗೆ ಬದಲಾಯಿಸುವವರೆಗೆ ಅವು ಪಟ್ಟಿಯಲ್ಲಿ ಕಾಣಿಸದೆ ಒಂದು ಸಂಜೆ ಹಾಳಾಯಿತು ಎಂಬುದನ್ನು ಬಿಡೋಣ. ಮೊದಲ ಇಂಗ್ಲಿಷ್ ಪತ್ತೇದಾರಿ ಚಿತ್ರವನ್ನು ರಷ್ಯನ್ ಡಬ್ಬಿಂಗ್ ಮತ್ತು ರಷ್ಯನ್ ಸಬ್‌ಟೈಟಲ್‌ನೊಂದಿಗೆ ಆರಂಭಿಸಿದೆ. ‘ನಡಿ, ಹೋಗೋಣ’ ಎನ್ನುವ ಕಡೆ ಕಿವಿಗೆ ‘ಪಶ್ಲೀ’ ಎಂದು ಕೇಳಿಸಿತು, ತೆರೆಯ ಮೇಲೆ ‘ಇದ್ಯೋಮ್’ ಎಂದು ಬಂತು. ‘ಅರ್ಥವಾಯಿತು’ ಎನ್ನುವ ಕಡೆ ‘ಪನ್ಯಾತ್ನ’ ಎಂದು ಕೇಳಿಸಿತು, ‘ಯಾಸ್ನೊ’ ಎಂದು ಬರೆದಿತ್ತು. ನನ್ನ ಕಿವಿಯೇ ಸರಿಯಿಲ್ಲವೆಂದು ಭಾವಿಸಿ ಅದೇ ದೃಶ್ಯವನ್ನು ಏಳೆಂಟು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಹೀಗೆ ಸುಮಾರು ಮೂರು ವಾರ ಕಳೆದ ಮೇಲೆ ಕಾರಣ ಹೊಳೆಯಿತು: ಅವು ಒಂದೇ ಇಂಗ್ಲಿಷ್ ಮಾತಿಗೆ ಬೇರೆ ಬೇರೆಯಾಗಿ ಮಾಡಿದ ಎರಡು ಅನುವಾದಗಳು. ಡಬ್ಬಿಂಗ್‌ಗೆ ಬರೆಯುವವರು ನಟರ ತುಟಿಯ ಚಲನೆಗೂ ಮಾತಿನ ಉದ್ದಕ್ಕೂ ಹೊಂದುವ ಪದವನ್ನು ಹುಡುಕುತ್ತಾರೆ. ಸಬ್‌ಟೈಟಲ್ ಬರೆಯುವವರು ಎರಡು ಸಾಲಿನೊಳಗೆ, ನೋಡುವವರು ಓದಿ ಮುಗಿಸುವಷ್ಟು ಹೊತ್ತಿನೊಳಗೆ ಮಾತನ್ನು ಅಡಕಗೊಳಿಸುತ್ತಾರೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಂಗೆಡಿಸಿದ್ದು ‘ನೀನು’ ಮತ್ತು ‘ನೀವು’. ರಷ್ಯನ್ನಿನಲ್ಲಿಯೂ ನಮ್ಮಲ್ಲಿರುವಂತೆ ಆಪ್ತರಿಗೆ ‘ತೀ’, ದೊಡ್ಡವರಿಗೆ ಮತ್ತು ಅಪರಿಚಿತರಿಗೆ ‘ವೀ’. ಇಂಗ್ಲಿಷಿನಲ್ಲಿ ಈ ಭೇದವಿಲ್ಲದ ಕಾರಣ ಎಲ್ಲವೂ ಅನುವಾದಕರ ನಿರ್ಧಾರಕ್ಕೆ ಬಿಟ್ಟದ್ದು, ಮತ್ತು ಈ ಚಿತ್ರದ ಇಬ್ಬರು ಪೊಲೀಸರು ಡಬ್ಬಿಂಗ್‌ನಲ್ಲಿ ‘ತೀ’ ಎಂದು ಮಾತಾಡಿಕೊಳ್ಳುತ್ತಿದ್ದಾಗ ಕೆಳಗಿನ ಸಾಲಿನಲ್ಲಿ ಅವರು ‘ವೀ’ ಎನ್ನುತ್ತಿದ್ದರು. ಕ್ರಿಯಾಪದದ ರೂಪವೂ ಅದರೊಂದಿಗೆ ಬದಲಾಗುವುದರಿಂದ ಇಡೀ ವಾಕ್ಯವೇ ಬೇರೆಯಾಗುತ್ತದೆ. ಕಲಿಯುವವನಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕೆಲವೊಂದು ಚಿತ್ರಗಳಿಗೆ ಡಬ್ಬಿಂಗ್‌ನ ಮಾತನ್ನೇ ಬರೆದಿಟ್ಟ ಪ್ರತ್ಯೇಕ ಸಬ್‌ಟೈಟಲ್ ಇರುವುದುಂಟು, ಆದರೆ ನಾನು ನೋಡಬಯಸಿದವುಗಳಲ್ಲಿ ಅದು ಅಪರೂಪವಾಗಿತ್ತು.

ಡಿವಿಡಿಗಳ ವಿಷಯದಲ್ಲಿ ಒಂದು ಅನುಕೂಲವಿದೆ: ಡಿವಿಡಿ ಮಾರಾಟಕ್ಕೆಂದು ಜಗತ್ತನ್ನು ಹಂಚಿರುವ ವಲಯಗಳಲ್ಲಿ ಭಾರತವೂ ರಷ್ಯಾವೂ ಒಂದೇ 5ನೇ ವಲಯಕ್ಕೆ ಸೇರಿರುವುದರಿಂದ ಅಲ್ಲಿಯ ಡಿಸ್ಕು ನಮ್ಮ ಹಳೆಯ ಪ್ಲೇಯರ್‌ನಲ್ಲಿ ತಕರಾರಿಲ್ಲದೆ ಓಡುತ್ತದೆ. ಆದರೆ ನನಗೆ ಬಂದ ನಾಲ್ಕರಲ್ಲಿ ಎರಡಕ್ಕೆ ಪೂರ್ಣ ಡಬ್ಬಿಂಗ್ ಇರದೆ, ಮೂಲ ಇಂಗ್ಲಿಷಿನ ಮೇಲೆ ರಷ್ಯನ್ ಧ್ವನಿಯನ್ನು ಹೊದಿಸಿದ ‘ಜಕಾದ್ರವಿ’ ಅನುವಾದವಿತ್ತು. ಇಂಗ್ಲಿಷ್ ಅರ್ಧ ಕ್ಷಣ ಮೊದಲೇ ಕೇಳಿಸುವುದರಿಂದ ಮನಸ್ಸು ಅದನ್ನೇ ಹಿಡಿದುಕೊಂಡು ಸುಮ್ಮನಾಗುತ್ತದೆ. ಉಳಿದ ಎರಡರಲ್ಲಿ ರಷ್ಯನ್ ಸಬ್‌ಟೈಟಲ್ಲೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಹಾಕಿ, ಸಬ್‌ಟೈಟಲ್ ಕಡತವನ್ನು ಬೇರೆಡೆಯಿಂದ ಇಳಿಸಿಕೊಂಡಾಗ ಅಕ್ಷರಗಳೆಲ್ಲ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಅರ್ಥವಿಲ್ಲದ ಲ್ಯಾಟಿನ್ ಗುಂಪಾಗಿ ಕಂಡವು. ವಿಡಿಯೊ ನೋಡುವ ತಂತ್ರಾಂಶ ವಿಎಲ್‌ಸಿಯಲ್ಲಿ ಸಬ್‌ಟೈಟಲ್ ಎನ್‌ಕೋಡಿಂಗನ್ನು, ಅಂದರೆ ಅಕ್ಷರಗಳನ್ನು ಓದುವ ಸಂಕೇತಪಟ್ಟಿಯನ್ನು, ರಷ್ಯನ್ ಲಿಪಿಯ ವಿಂಡೋಸ್-1251ಕ್ಕೆ ಬದಲಾಯಿಸಿದರೆ ಅದು ಸರಿಹೋಗುತ್ತದೆ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಪಾಲ್ ಎಂಬ ಟಿವಿ ಮಾನಕದ ಡಿಸ್ಕಿನಲ್ಲಿ 25ರ ವೇಗದಲ್ಲಿ ಓಡಿಸುವುದರಿಂದ ನೂರು ನಿಮಿಷದ ಚಿತ್ರ ನಾಲ್ಕು ನಿಮಿಷ ಬೇಗ ಮುಗಿಯುತ್ತದೆ, ಹಾಗಾಗಿ ಕಡತದ ಸಾಲುಗಳು ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತವೆ, ಅದನ್ನೂ ಸರಿಪಡಿಸಿಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮಾತು ಮತ್ತು ಬರಹ ಹೊಂದುವುದಿಲ್ಲ.

ಮೊಸ್‌ಫಿಲ್ಮ್‌ನಲ್ಲಿ ಆ ತೊಂದರೆ ಹುಟ್ಟುವುದೇ ಇಲ್ಲ, ಏಕೆಂದರೆ ಚಿತ್ರದ ಮಾತೇ ರಷ್ಯನ್. ಎಲ್ದಾರ್ ರಿಯಾಜಾನೊವ್ 1977ರಲ್ಲಿ ತೆಗೆದ ‘ಸ್ಲುಜೆಬ್ನಿ ರಮಾನ್’ (ಕಚೇರಿಯ ಪ್ರೇಮಕಥೆ) ನನ್ನ ಮೆಚ್ಚಿನದು. ಮಾಸ್ಕೋದ ಅಂಕಿಅಂಶಗಳ ಕಚೇರಿಯೊಂದರಲ್ಲಿ ನಡೆಯುವ ಕಥೆಯಾದ್ದರಿಂದ ಫೈಲು, ಫೋನು, ಊಟ, ಸಹೋದ್ಯೋಗಿಗಳ ಹರಟೆ ಎಲ್ಲವೂ ನಿತ್ಯದ ಮಾತು. ನಾಯಕ ತನ್ನ ಮೇಲಧಿಕಾರಿಯನ್ನು ‘ಲ್ಯುದ್ಮೀಲಾ ಪ್ರಕೋಫ್ಯೆವ್ನಾ’ ಎಂದು ಹೆಸರಿಗೆ ತಂದೆಯ ಹೆಸರನ್ನು ಸೇರಿಸಿಯೇ ಕರೆಯುತ್ತಾನೆ. ಆ ಉದ್ದದ ಹೆಸರು ವೇಗದ ಮಾತಿನಲ್ಲಿ ಹೇಗೆ ಕುಗ್ಗುತ್ತದೆ ಎಂಬುದನ್ನು ಅಕ್ಷರ ನೋಡುತ್ತಾ ಕೇಳಿದಾಗ ನನಗೆ ಆದ ಸಂತೋಷ ಹೇಳತೀರದು. ಇಲ್ಲಿ ಯಾರು ಯಾರಿಗೆ ‘ವೀ’ ಎನ್ನುತ್ತಾರೆ ಎಂಬುದು ಬರೆದವರೇ ಯೋಚಿಸಿ ಇಟ್ಟದ್ದು.

ಕೊರತೆಗಳೂ ಇವೆ. ಎಲ್ಲ ಚಿತ್ರಕ್ಕೂ ರಷ್ಯನ್ ಸಬ್‌ಟೈಟಲ್ ಇಲ್ಲ, ಕೆಲವಕ್ಕೆ ಇಂಗ್ಲಿಷ್ ಮಾತ್ರ. ಯಂತ್ರವೇ ತಯಾರಿಸಿದ ಸಾಲುಗಳನ್ನು ನಂಬಬಾರದು, ಸೆಟ್ಟಿಂಗ್ಸ್‌ನಲ್ಲಿ ಅದು ತಾನಾಗಿ ತಯಾರಾದದ್ದು ಎಂಬ ಸೂಚನೆ ಇರುತ್ತದೆ. ಇಂದಿನ ಆಡುಮಾತು ಬೇಕೆನ್ನುವವರಿಗೆ ಸೋವಿಯತ್ ಕಾಲದ ಸಂಭಾಷಣೆ ಹಳೆಯದೆನಿಸಬಹುದು.

ನಾನು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಮಾತ್ರ ಕೂರುವವನು, ಒಂದು ಚಿತ್ರವನ್ನು ಐದಾರು ದಿನ ನೋಡುವವನು. ಲ್ಯಾಪ್‌ಟಾಪಿನಲ್ಲಿ ಎಡಬಾಣದ ಕೀಲಿ ಒತ್ತಿದರೆ ಐದು ಸೆಕೆಂಡು ಹಿಂದೆ ಹೋಗುವುದು, ವೇಗವನ್ನು 0.75ಕ್ಕೆ ಇಳಿಸಬಹುದಾಗಿರುವುದು ನನಗೆ ಸಾಕು, ಅದಕ್ಕೆ ಇಂಟರ್ನೆಟ್ಟಿನ ಬಿಲ್ಲಿನ ಹೊರತು ಬೇರೆ ಖರ್ಚೂ ಇಲ್ಲ. ಮನೆಮಂದಿಯೆಲ್ಲ ಹೊಸ ಚಿತ್ರಗಳನ್ನು ನೋಡುವ ಮನೆಯಾದರೆ ಚಂದಾ ಇರಲಿ, ಆದರೆ ಅದರಲ್ಲಿ ಕಲಿಯುವಾಗ ಡಬ್ಬಿಂಗ್ ಹಾಕಿ ಸಬ್‌ಟೈಟಲ್ ತೆಗೆದುಬಿಡಿ. ನನ್ನ ಚಂದಾ ಬರುವ ತಿಂಗಳು ಮುಗಿಯುತ್ತದೆ. ತಾನಾಗಿ ನವೀಕರಣವಾಗುವುದನ್ನು ಈಗಲೇ ನಿಲ್ಲಿಸಿದ್ದೇನೆ.